ಕಪ್ ಬಂದ ಮೇಲಿನ ಹೋಳಿಗೆ

ನಮ್ಮ ಮನೆಯಲ್ಲಿ ಒಂದು ಸ್ಟೀಲಿನ ತಾಟಿದೆ. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ಅದರದ್ದಲ್ಲ. ನೆಲದ ಮೇಲಿಟ್ಟು ಕೈ ತಾಗಿಸಿದರೆ ಸಾಕು, ಟಕ್ ಟಕ್ ಎಂದು ಅಲ್ಲಾಡುತ್ತದೆ. ಅಂಚು ಒಂದು ಕಡೆ ಒಳಕ್ಕೆ ಬಾಗಿದೆ, ತಳದ ತುಂಬ ನಗ್ಗುಗಳು. ಅದರಲ್ಲಿ ಊಟಕ್ಕೆ ಕೂತರೆ ಸಾರೆಲ್ಲ ಒಂದೇ ಮಗ್ಗುಲಿಗೆ ಹರಿದುಹೋಗಿ ನಿಲ್ಲುತ್ತದೆ, ಅನ್ನ ಇನ್ನೊಂದು ಮಗ್ಗುಲಲ್ಲಿ ಒಣಗಿಕೊಂಡು ಕೂತಿರುತ್ತದೆ. ಅವ್ವ ನಮ್ಮ ಜೊತೆ ಇರಲು ದಾಂಡೇಲಿಯಿಂದ ಹಳಿಯಾಳಕ್ಕೆ ಬಂದಾಗ ಈ ತಾಟನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅತ್ತೀ, ಇದನ್ನ ಹಳೇ ಸಾಮಾನಿನ ಮೋಡಕಾದವಗ ಹಾಕಿಬಿಡೂಣೇನ್ರೀ?” ಎಂದು ಮರ್ಯಾದೆಯಿಂದಲೇ ಕೇಳಿದರು. “ಹಾಕೂದಾದ್ರ ಜೋಡೀಲೆ ನನ್ನೂ ಹಾಕಿಬಿಡ್ರಿ,” ಎಂದಳು ಅವ್ವ, ಅಷ್ಟೇ ಮರ್ಯಾದೆಯಿಂದ. ಅಂದಿನಿಂದ ಆ ತಾಟಿನ ಸುದ್ದಿಗೆ ಯಾರೂ ಹೋಗಿಲ್ಲ.

ಕಳೆದ ರವಿವಾರ ಅದಕ್ಕೆ ಹೊಸದೊಂದು ನಗ್ಗು ಬಿದ್ದಿದೆ. ಈ ಬರಹಕ್ಕೆ ಆ ನಗ್ಗೇ ಕಾರಣ.

ಅದಕ್ಕೂ ಮೊದಲು ನನ್ನ ಗಂಟಲಿನ ವಿಷಯ ಹೇಳಿಬಿಡುತ್ತೇನೆ. ನಾನು ಹಳಿಯಾಳದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸೋಮವಾರ ಮಧ್ಯಾಹ್ನ ತರಗತಿಗೆ ಹೋಗಿ ಬಾಯಿ ತೆರೆದರೆ ಮಾತಿನ ಬದಲು ಗಾಳಿ ಬಂತು. ಇನ್ನೊಮ್ಮೆ ತೆರೆದೆ, ಬಾಗಿಲು ಕಿರುಗುಟ್ಟಿದಂಥ ಸದ್ದು ಬಂತು. ಮಕ್ಕಳ ಮುಖದ ಮೇಲೆ ಮೂಡಿದ ಸಂತೋಷವನ್ನು ನೀವು ನೋಡಬೇಕಿತ್ತು. ಮುಖ್ಯೋಪಾಧ್ಯಾಯರು ಬಂದು, “ಏನ್ರೀ ಟೀಚರ್, ಥಂಡಿ ಆಗೇತೇನು?” ಎಂದರು. ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: “ನಾವು ಗೆದ್ದೆವು.” ಅವರು ಅದನ್ನು ಎರಡು ಸಲ ಓದಿ, ವ್ಯಾಕರಣದ ಪಾಠವಿರಬೇಕೆಂದು ತಿಳಿದು ಹೋದರು.

ಹೌದು, ನಾವು ಗೆದ್ದೆವು! ದಾಂಡೇಲಿಯ ನಮ್ಮ ಕಾಲನಿ ತಂಡ ಫುಟ್‌ಬಾಲ್ ಕಪ್ ಗೆದ್ದಿತು. ನನ್ನ ಬುದ್ಧಿ ತಿಳಿದಾಗಿನಿಂದ ಎಂದೂ ಗೆಲ್ಲದ, ಗೆಲ್ಲುವ ಲಕ್ಷಣವನ್ನೂ ತೋರಿಸದ ತಂಡ ಅದು. ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಇರುವುದು ನನ್ನಿಂದಾಗಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಹೇಳಿದೆ. ಅವಳು, “ಹೌದೇನವಾ, ಮೆಂತೆ ತಗೋತೀಯೋ ರಾಜಗಿರಿ ತಗೋತೀಯೋ?” ಎಂದಳು. ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ.

“ಯಾರ ಗೆದ್ರು, ಇಂಡಿಯಾನ?”

“ಇಂಡಿಯಾ ಅಲ್ಲಪಾ, ದಾಂಡೇಲಿ!”

“ಛಲೋ ಆತು. ಆಧಾರ್ ಕಾರ್ಡ್ ತೋರಸ್ರಿ ಅಕ್ಕಾರ.”

ನಮ್ಮ ಮನೆಯವರಂತೂ ಕಬ್ಬು ಮತ್ತು ಕ್ರಿಕೆಟ್ ಬಿಟ್ಟು ಮೂರನೆಯದನ್ನು ಅರಿಯದವರು. “ಒಂದ ಒಂದು ಗೋಲಿಗೆ ಇಷ್ಟ ಕುಣೀತೀಯಲ್ಲ, ನಮ್ಮಾಗ ಮುನ್ನೂರು ರನ್ ಹೊಡದ್ರೂ ಇಷ್ಟ ಕುಣ್ಯಂಗಿಲ್ಲ,” ಎಂದರು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ಆ ಒಂದು ಗೋಲಿನ ಹಿಂದೆ ನಮ್ಮ ಮನೆಯ ಹೋಳಿಗೆ ನಿಂತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಿಂತದ್ದು, ನಾನೇ ಹೈಸ್ಕೂಲಿನಲ್ಲಿ ಕಲಿಸಿ ಕಲಿಸಿ ತಲೆ ಬೆಳ್ಳಗಾಗುವವರೆಗೂ ನಿಂತೇ ಇತ್ತು.

ನಮ್ಮಪ್ಪ ಈರಪ್ಪ ಧಾರವಾಡದ ಕಡೆಯ ಹಳ್ಳಿಯವನು, ಪೇಪರ್ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದವನು. ಹಳ್ಳಿಯಲ್ಲಿದ್ದಾಗ ಕುಸ್ತಿ ಬಿಟ್ಟರೆ ಬೇರೆ ಆಟ ನೋಡಿರಲಿಲ್ಲ. ಕಾಲನಿಯಲ್ಲಿ ನೋಡಿದರೆ ಎಲ್ಲರ ಕಾಲಲ್ಲೂ ಚೆಂಡು. ಜೊಯಿಡಾ ಕಡೆಯ ಕೊಂಕಣಿ ಹುಡುಗರು ಗೋವಾದ ಗಾಳಿ ಕುಡಿದು ಬೆಳೆದವರು, ನಡೆಯುವುದಕ್ಕಿಂತ ಮೊದಲು ಒದೆಯಲು ಕಲಿತವರು. ಅಪ್ಪ ಮೈದಾನದ ಅಂಚಿಗೆ ನಿಂತು ನೋಡುತ್ತ ನೋಡುತ್ತ ಆ ಆಟಕ್ಕೆ ಬಿದ್ದ. ಆಡಲು ಬರಲಿಲ್ಲ, ಆಟದ ಕಾನೂನುಗಳನ್ನೆಲ್ಲ ಬಾಯಿಪಾಠ ಮಾಡಿದ. ಒಂದು ಸಂಜೆ ಅವ್ವ ಅವನನ್ನು ಊಟಕ್ಕೆ ಕರೆಯಲು ಮೈದಾನಕ್ಕೆ ಹೋದಳಂತೆ. ಬೈಯಬೇಕೆಂದು ಹೋದವಳು ಅಲ್ಲೇ ನಿಂತಳು, ಮನೆಯಲ್ಲಿ ಪಲ್ಯ ತಳ ಹಿಡಿದು ಕರ್ರಗಾಯಿತು. ಮರುದಿನದಿಂದ ಅವಳೂ ಹೊರಟಳು, ಕೈಯಲ್ಲಿ ತಾಟು ಮತ್ತು ಸೌಟು ಹಿಡಿದುಕೊಂಡು. ನಮ್ಮವರ ಕಾಲಿಗೆ ಚೆಂಡು ಬಂದರೆ ಸಣ್ಣ ಬಡಿತ, ಗೋಲಿನ ಹತ್ತಿರ ಹೋದರೆ ದೊಡ್ಡ ಬಡಿತ. ತಾಟಿನ ನಗ್ಗುಗಳೆಲ್ಲ ಅಲ್ಲಿಯವು. ಗೋಲು ಹೊಡೆದಾಗ ಯಾವ ಬಡಿತ ಎಂದು ಕೇಳಬೇಡಿ, ಅಂಥ ಸಂದರ್ಭ ಅಪರೂಪ.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು, ಎಲ್ಲ ರಗಳೆಯೂ ಅದರಿಂದಲೇ ಆದದ್ದು. ಊರೂರುಗಳ ನಡುವಿನ ಪಂದ್ಯಗಳಲ್ಲಿ ನಡುವೆ ಓಡುವ ರೆಫರಿ ಹೊರಗಿನವನು. ಆದರೆ ಗೆರೆಯ ಮೇಲೆ ಬಾವುಟ ಹಿಡಿದು ನಿಲ್ಲುವ ಲೈನ್ಸ್‌ಮನ್ ಇಬ್ಬರನ್ನು ಆಡುವ ತಂಡಗಳೇ ಕೊಡಬೇಕು, ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ. ಹೀಗೆ ಕೊಟ್ಟವನು ತನ್ನವರ ಕಡೆ ಸ್ವಲ್ಪ ಕಣ್ಣು ಮುಚ್ಚುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಬೀಗರೂಟದಲ್ಲಿ ನಮ್ಮವರ ಎಲೆಗೆ ಒಂದು ಮಿಳ್ಳಿ ತುಪ್ಪ ಹೆಚ್ಚು ಬೀಳುವಂತೆ ಅದೂ ಒಂದು ನಡಾವಳಿ. ಕಾನೂನು ಬಾಯಿಪಾಠ ಬರುತ್ತದೆಂದು ನಮ್ಮ ಕಾಲನಿಯವರು ಬಾವುಟವನ್ನು ಅಪ್ಪನ ಕೈಗೆ ಕೊಟ್ಟರು. ಕಾನೂನು ಅವನ ತಲೆಯಲ್ಲಿತ್ತು, ನಡಾವಳಿ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದ ಒಂದು ವರ್ಷ ಹೇಗೋ ನಮ್ಮವರು ಫೈನಲ್‌ಗೆ ಬಂದರು. ಎದುರಿಗೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ತಂಡ. ಗುಡ್ಡದ ಮೇಕೆಗಳಂತೆ ಓಡುವ ಹುಡುಗರು, ಬಿದ್ದರೆ ನಗುತ್ತ ಏಳುವವರು. ಅವ್ವ ಬೆಳಗಿನಿಂದ ಒಲೆಯ ಮುಂದೆ ಕೂತು ಇಡೀ ತಂಡಕ್ಕಾಗುವಷ್ಟು ಹೋಳಿಗೆ ಮಾಡಿದಳು. ಅವ್ವನ ಹೋಳಿಗೆ ಎಂದರೆ ಕಾಲನಿಯಲ್ಲಿ ಹೆಸರುವಾಸಿ: ಕಣಕ ಎಲ್ಲಿ ಮುಗಿಯಿತು, ಹೂರಣ ಎಲ್ಲಿ ಶುರುವಾಯಿತು ಎಂದು ನಾಲಿಗೆಗೆ ತಿಳಿಯುತ್ತಿರಲಿಲ್ಲ. “ಇನ್ನೂ ಗೆದ್ದಿಲ್ಲ, ಈಗ ಯಾಕ ಮಾಡ್ತೀ?” ಎಂದು ಅಪ್ಪ ಕೇಳಿದ್ದಕ್ಕೆ, “ನಿಮ್ಮ ಕೈಯಾಗ ಬಾವುಟ ಐತಲ್ಲ, ಇನ್ನೇನು ಚಿಂತಿ,” ಎಂದು ನಕ್ಕಳು.

ಒಂದೊಂದು ಗೋಲು ಆಗಿ ಸಮ ನಿಂತಿತ್ತು. ಆಟ ಮುಗಿಯುವ ಹೊತ್ತು. ನಮ್ಮ ತಂಡದ ಫ್ರಾನ್ಸಿಸ್, ಅಪ್ಪನ ಜೊತೆಗೇ ಮಿಲ್ಲಿನಲ್ಲಿದ್ದ ಎಳೆಯ ಹುಡುಗ, ಬಂದ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು ಗೋಲಿನ ಮೂಲೆಗೆ ಹೊಡೆದ. ಬಲೆ ಅಲ್ಲಾಡಿತು! ಅವ್ವ ಬಡಿದ ಬಡಿತಕ್ಕೆ ಪಕ್ಕದಲ್ಲಿದ್ದ ನನ್ನ ಕಿವಿ ಗುಂಯ್ ಎಂದಿತು. ಕಾಲನಿಯ ಗಂಡಸರೆಲ್ಲ ಮೈದಾನದೊಳಗೆ ನುಗ್ಗಿದರು. ಆಮೇಲೆ ಗದ್ದಲ ಮೆಲ್ಲಗೆ ಕಡಿಮೆಯಾಗುತ್ತ ಬಂತು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ನೋಡಿದರೆ, ಗೆರೆಯ ಮೇಲೆ ನಮ್ಮಪ್ಪ ನೆಟ್ಟಗೆ ನಿಂತಿದ್ದಾನೆ. ಬಾವುಟ ಮೇಲೆದ್ದಿದೆ. ಆಫ್‌ಸೈಡ್.

ರೆಫರಿ ಗೋಲು ಕೊಡಲಿಲ್ಲ. ನಮ್ಮವರು ಅಪ್ಪನನ್ನು ಸುತ್ತುವರಿದು ಜಗಳಕ್ಕೆ ನಿಂತಿದ್ದಾಗ ಮುಂಡಗೋಡದವರು ಚೆಂಡು ಹೊಡೆದುಕೊಂಡು ಆ ತುದಿಗೆ ಹೋಗಿ ಗೋಲು ಹಾಕಿಯೇಬಿಟ್ಟರು. ಕಪ್ ಮುಂಡಗೋಡಕ್ಕೆ ಹೋಯಿತು. ಅವ್ವ ಕೈಯಲ್ಲಿದ್ದ ತಾಟನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಆ ಅಂಚು ಬಾಗಿದ್ದು ಆಗ. “ಕೇಳ್ರಿ, ಎಲ್ಲಾರೂ ಕೇಳ್ರಿ!” ಎಂದು ಅಷ್ಟು ಜನರ ಮುಂದೆ ಕೂಗಿದಳು. “ಉಳವಿ ಚನ್ನಬಸವಣ್ಣನ ಆಣಿ ಐತಿ. ನಮ್ಮ ಹುಡುಗುರು ಕಪ್ ತರೂತನಕ ನಾ ಹೋಳಿಗಿ ಮಾಡಂಗಿಲ್ಲ, ನಾ ಮುಟ್ಟಂಗಿಲ್ಲ!” ಡಬ್ಬಿಯ ತುಂಬ ತಂದಿದ್ದ ಹೋಳಿಗೆಯನ್ನು ಮುಂಡಗೋಡದ ಹುಡುಗರಿಗೇ ಹಂಚಿ ಬಂದಳು. ಅವರು ಅದನ್ನು ಬಹುಮಾನದ ಭಾಗವೆಂದೇ ತಿಳಿದು ಖುಷಿಯಿಂದ ತಿಂದರು.

ಮನೆಗೆ ಬಂದ ಮೇಲೆ ಅಪ್ಪ ಅವಳಿಗೆ ಆಫ್‌ಸೈಡ್ ತಿಳಿಸಿ ಹೇಳಲು ಕೂತ. ನೆಲದ ಮೇಲೆ ಉಪ್ಪಿನ ಡಬ್ಬಿ, ಬೆಳ್ಳುಳ್ಳಿ, ಮೆಣಸಿನಕಾಯಿ ಜೋಡಿಸಿದ. “ಈ ಉಪ್ಪಿನ ಡಬ್ಬಿ ಗೋಲ್‌ಕೀಪರ್. ಈ ಬಳ್ಳೊಳ್ಳಿ ಅವರ ಕಡೀ ಆಟಗಾರ. ನಮ್ಮ ಕಡೀಯಾವ ಚೆಂಡು ಒದಿಯೂ ಹೊತ್ತಿಗೆ ಈ ಮೆಣಸಿನಕಾಯಿ ಬಳ್ಳೊಳ್ಳೀನ ದಾಟಿ ಮುಂದ ನಿಂತಿರಬಾರದು. ಫ್ರಾನ್ಸಿಸ್ ನಿಂತಿದ್ದ.”

“ನಿಂತ್ರ ಏನಾತು?” ಎಂದಳು ಅವ್ವ. “ಬಸ್ಸಿನ್ಯಾಗ ಮೊದಲ ಹೋಗಿ ಟವಲ್ ಹಾಕಿ ಸೀಟು ಹಿಡದ್ರ ಶಾಣ್ಯಾ ಅಂತೀರಿ. ಇಲ್ಲಿ ಮೊದಲ ಹೋಗಿ ನಿಂತ್ರ ಕಳ್ಳನ?”

ಅಪ್ಪ ಉತ್ತರ ಹುಡುಕುವಷ್ಟರಲ್ಲಿ ಅವಳು ಗೋಲ್‌ಕೀಪರನ್ನೂ ಬಳ್ಳೊಳ್ಳಿಯನ್ನೂ ಎತ್ತಿಕೊಂಡು ಚಟ್ನಿ ಅರೆಯಲು ಹೋದಳು. ಅಂದಿನ ಊಟಕ್ಕೆ ಅಪ್ಪ ತಾನಾಗಿಯೇ ಆ ನಗ್ಗಿದ ತಾಟನ್ನು ಎಳೆದುಕೊಂಡ. ಮುಂದೆಯೂ ಅದರಲ್ಲೇ ಉಂಡ. “ಇದು ನನಗ ಸಿಕ್ಕ ಕಪ್ಪಪಾ,” ಎನ್ನುತ್ತಿದ್ದ. ಸಾರು ಮಗ್ಗುಲಿಗೆ ಹರಿದರೆ, “ನೋಡಬೇ, ಸಾರು ಆಫ್‌ಸೈಡ್ ಹೋತು,” ಎಂದು ನನಗೆ ಕಣ್ಣು ಹೊಡೆಯುತ್ತಿದ್ದ. ಅವ್ವನಿಗೆ ನಗು ಬಂದರೂ ಒಲೆಯ ಕಡೆ ತಿರುಗಿ ನಗುತ್ತಿದ್ದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಹಬ್ಬಗಳು ಹೋಳಿಗೆ ಇಲ್ಲದೆ ಬಂದವು, ಹೋದವು. ಹೋಳಿಹುಣ್ಣಿಮೆಗೆ ಇಡೀ ಕಾಲನಿಯಲ್ಲಿ ಹೂರಣದ ವಾಸನೆ, ನಮ್ಮಲ್ಲಿ ಶ್ಯಾವಿಗೆ ಪಾಯಸ. ಕರಿಗಡುಬು ಆಣೆಯೊಳಗೆ ಬರುತ್ತದೋ ಇಲ್ಲವೋ ಎಂಬುದರ ಮೇಲೆ ಒಂದು ವರ್ಷ ಗಂಡ ಹೆಂಡಿರಿಗೆ ದೊಡ್ಡ ವಾದವಾಯಿತು. “ಹೂರಣ ಒಂದ ಆದ್ರೂ ಆಕಾರ ಬ್ಯಾರೆ,” ಎಂದು ಅಪ್ಪನ ವಾದ. “ಆಕಾರ ಯಾರು ತಿಂತಾರ?” ಎಂದು ಅವ್ವನ ತೀರ್ಪು. ಇಡೀ ಹಳಿಯಾಳ ಸೀಮೆ ಬೆಲ್ಲ ಸಕ್ಕರೆಯಲ್ಲಿ ಮುಳುಗಿರುವಾಗ ನಾವು ಹೀಗೆ ಬಾಯಿ ಚಪ್ಪರಿಸುತ್ತ ಕೂರುತ್ತಿದ್ದೆವು. ಕೊನೆಗೆ ನನ್ನ ಮದುವೆಗೂ ಹೋಳಿಗೆ ಮಾಡಿದವರು ನೆರೆಮನೆಯ ಹೆಂಗಸರು. ಆವತ್ತು ಅಪ್ಪನ ಎಲೆಗೆ ಬಡಿಸಲು ಹೋದರೆ ಕೈ ಅಡ್ಡ ಹಿಡಿದ. “ನನಗ ಬ್ಯಾಡ. ಆಕೀ ಕೈಯಾಗಿಂದಾದ್ರ ತಿಂತೇನಿ,” ಎಂದ. ನೀವೇ ಹೇಳಿ, ಇಂಥ ಹಟಮಾರಿಗಳಿಬ್ಬರ ಹೊಟ್ಟೆಯಲ್ಲಿ ಹುಟ್ಟಿದ ನಾನು ಸಾದಾ ಮನುಷ್ಯಳಾಗಿರಲು ಹೇಗೆ ಸಾಧ್ಯ?

ಇದರ ನಡುವೆ ಅಪ್ಪನ ಬಾವುಟಕ್ಕೆ ಬೆಲೆ ಬಂತು. ಕೆಲವು ದಿನ ಮಿಲ್ಲಿನಲ್ಲಿ ಯಾರೂ ಅವನ ಜೊತೆ ಚಹಾ ಕುಡಿಯಲಿಲ್ಲ. ಆಮೇಲೆ ಜೊಯಿಡಾದಿಂದ, ಮುಂಡಗೋಡದಿಂದ, ಎಲ್ಲೆಲ್ಲಿಂದಲೋ ಕರೆ ಬರತೊಡಗಿತು: ಗೆರೆಯ ಮೇಲೆ ಈರಪ್ಪನವರೇ ನಿಲ್ಲಬೇಕು. ಅವ್ವ, “ಊರಿಗೆಲ್ಲ ನ್ಯಾಯ ಹಂಚಿ ಬರ್ರಿ,” ಎಂದು ಕುಟುಕುತ್ತಲೇ ಅವನ ಅಂಗಿಗೆ ಇಸ್ತ್ರಿ ಮಾಡಿ ಕಳಿಸುತ್ತಿದ್ದಳು. ಕಾಲನಿಯ ಪಂದ್ಯಗಳಿಗೆ ತಾನೂ ಹೋಗುತ್ತಿದ್ದಳು, ಅಪ್ಪ ನಿಂತ ಗೆರೆಗೆ ಎದುರಿನ ಗೆರೆಯಲ್ಲಿ ಕೂರುತ್ತಿದ್ದಳು. ಫ್ರಾನ್ಸಿಸ್ ಎಷ್ಟೋ ಸಲ ಮನೆಗೆ ಬಂದು ಅವ್ವನಿಗೆ, “ನೀಲಕ್ಕಾ, ಖರೇ ಹೇಳ್ತೇನೆ, ನಾನು ಒಂದ್ ಹೆಜ್ಜೆ ಮುಂದೇ ಇದ್ದೆ. ಈರಪ್ಪಣ್ಣನ್ದು ಸರಿನೇ ಇತ್ತು,” ಎಂದು ತನ್ನ ಕೊಂಕಣಿ ಬೆರೆತ ಕನ್ನಡದಲ್ಲಿ ಹೇಳಿದ. ಅವ್ವ ನಂಬಲಿಲ್ಲ. “ನೀ ದೇವರಂಥ ಹುಡುಗ. ದೊಡ್ಡವರ ಮಾರಿ ನೋಡಿ ಹಂಗ ಅಂತೀ,” ಎಂದು ಅವನಿಗೇ ಸಮಾಧಾನ ಹೇಳಿ ಕಳಿಸಿದಳು.

ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ರಜೆ ಹಾಕಿ ದಾಂಡೇಲಿಯಲ್ಲಿದ್ದೆ. ಒಂದು ಬೆಳಿಗ್ಗೆ ಅಡಿಗೆಮನೆಯಿಂದ ಕಡಲೆಬೇಳೆ ಬೇಯುವ ವಾಸನೆ ಬಂತು. ಹೋಗಿ ನೋಡಿದರೆ ಅವ್ವ ಬೆಲ್ಲ ಕುಟ್ಟುತ್ತಿದ್ದಾಳೆ. ನನ್ನನ್ನು ಕಂಡು ಮುಖ ತಿರುಗಿಸಿದಳು. ಅಷ್ಟರಲ್ಲಿ ಒಳಕೋಣೆಯಿಂದ ಅಪ್ಪನ ಸಣ್ಣ ದನಿ ಕೇಳಿತು.

“ನೀಲಾ, ನಮ್ಮ ಹುಡುಗುರು ಕಪ್ ತಂದ್ರೇನು?”

ಅವ್ವ ಬಾಗಿಲಲ್ಲಿ ಹೋಗಿ ನಿಂತಳು. “ಇಲ್ಲ. ಹಂಗ ಸುಮ್ನ... ನಿಮ್ಮ ಸಲುವಾಗಿ...”

“ಬ್ಯಾಡ,” ಎಂದ ಅಪ್ಪ, ನಗುತ್ತ. “ಆಣಿ ಮುರದು ತಿಂದ್ರ ಅದೂ ಆಫ್‌ಸೈಡ ಆಗ್ತೈತಿ. ಗೆಲ್ತಾರ ತಗೋ. ಗೆದ್ದ ಮ್ಯಾಲೆ ಮಾಡು.”

ಅವ್ವ ಆ ಬೇಳೆಯನ್ನು ಬಸಿದು ಒಗ್ಗರಣೆ ಹಾಕಿ ಉಸಳಿ ಮಾಡಿದಳು. ಅಪ್ಪ ಅದನ್ನೇ ಎರಡು ತುತ್ತು ತಿಂದ. ಆ ತಿಂಗಳು ದಾಟಲಿಲ್ಲ ಅವನು.

ಅವನು ಹೋದ ಮೇಲೆ ಅವ್ವ ಹಳಿಯಾಳಕ್ಕೆ ಬಂದಳು, ಮೈದಾನದ ಹೆಸರೆತ್ತಲಿಲ್ಲ. ನಾನೊಬ್ಬಳೇ ವರ್ಷಕ್ಕೊಮ್ಮೆ ದಾಂಡೇಲಿಗೆ ಹೋಗಿ, ಸೋತು ಬರುತ್ತಿದ್ದೆ. ಸೋತವರು ಹುಡುಗರಾದರೂ ಸೋತು ಬಂದೆ ಎಂದೇ ನಾನು ಹೇಳುವುದು. “ಏನಾತು?” ಎಂದು ಅವ್ವ ಕೇಳುತ್ತಿರಲಿಲ್ಲ. ನಾನು ಚಪ್ಪಲಿ ಬಿಡುವ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತಿತ್ತು.

ಈ ವರ್ಷ ಫ್ರಾನ್ಸಿಸ್ ತಾನೇ ಹಳಿಯಾಳಕ್ಕೆ ಬಂದ. ಈಗ ಅವನಿಗೂ ತಲೆ ನೆರೆತಿದೆ, ಮೊಣಕಾಲು ನೋವು, ಕಾಲನಿ ಹುಡುಗರಿಗೆ ಆಟ ಕಲಿಸುವವನು ಅವನೇ. “ನೀಲಕ್ಕಾ, ಈ ಸಲ ಫೈನಲ್‌ಗೆ ಬಂದಿದ್ದೇವೆ. ನೀನು ಬರಲೇಬೇಕು,” ಎಂದು, ಈಚೆಗೆ ಕಿವಿ ಮಂದವಾದ ಅವ್ವನಿಗೆ ಜೋರಾಗಿ ಹೇಳಿದ.

“ಗೆಲ್ತೀರೇನು?”

ಫ್ರಾನ್ಸಿಸ್ ಸುಳ್ಳು ಹೇಳುವವನಲ್ಲ. “ಇಲ್ಲ. ಆದ್ರೆ ನನಗೆ ಇನ್ನ್ ಆಗೋದಿಲ್ಲ ಅಕ್ಕಾ, ಇದೇ ಕಡೇ ವರ್ಷ. ನಿನ್ನ ತಾಟಿನ ಸದ್ದು ಒಂದ್ ಸಲ ಕೇಳ್ಬೇಕು ಅನ್ಸ್ತು.”

ರವಿವಾರ ಬೆಳಿಗ್ಗೆ ನೋಡಿದರೆ ಅವ್ವ ಸೀರೆ ಉಟ್ಟು, ತಾಟು ಸೌಟನ್ನು ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಳೆ. “ಏಳ ಗಿರಿಜಾ, ಬಸ್ಸು ತಪ್ಪತೈತಿ,” ಎಂದಳು.

ಎದುರಿನ ತಂಡ ಗೋವಾ ಗಡಿಯ ಕಡೆಯಿಂದ ಬಂದದ್ದು. ಎಲ್ಲರಿಗೂ ಒಂದೇ ಬಣ್ಣದ ಬೂಟು, ಬಿದ್ದವರ ಕಾಲಿಗೆ ಬುಸ್ ಎಂದು ಹೊಡೆಯಲು ಔಷಧದ ಡಬ್ಬಿ ಹಿಡಿದ ಒಬ್ಬ. ನಮ್ಮ ಹುಡುಗರಲ್ಲಿ ಇಬ್ಬರ ಕಾಲುಚೀಲ ಅದಲು ಬದಲು. ಇವರು ಫೈನಲ್‌ಗೆ ಬಂದದ್ದಾದರೂ ಹೇಗೆ? ಒಂದು ಪಂದ್ಯದಲ್ಲಿ ಎದುರಿನವನೇ ತನ್ನ ಗೋಲಿಗೆ ಚೆಂಡು ಹೊಡೆದುಕೊಂಡ. ಇನ್ನೊಂದರಲ್ಲಿ ಪೆನಾಲ್ಟಿ, ಅದೂ ಕಂಬಕ್ಕೆ ಬಡಿದು ಒಳಗೆ ಹೋದದ್ದು. ನಾನು ಪೆನಾಲ್ಟಿಗಳನ್ನು ನೋಡುವುದಿಲ್ಲ. ನಾನು ನೋಡಿದರೆ ಚೆಂಡು ಹೊರಗೆ ಹೋಗುತ್ತದೆ, ಇದು ಪರೀಕ್ಷಿಸಿ ತಿಳಿದ ವಿಷಯ. ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವವಳೂ ನಾನೇ.

ಮೊದಲರ್ಧವೆಲ್ಲ ಅವರು ಹೊಡೆದರು, ನಾವು ತಡೆದೆವು. ನಮ್ಮ ಗೋಲ್‌ಕೀಪರನ ಮೈಯೆಲ್ಲ ಕೆಂಪು ಧೂಳು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ನಮ್ಮ ಮನೆಯವರು. ಏನು ಅನಾಹುತವಾಯಿತೋ ಎಂದು ಗದ್ದಲಕ್ಕೆ ಬೆನ್ನು ಮಾಡಿ ಕಿವಿಗೆ ಹಿಡಿದೆ.

“ಮಾವಿನಕಾಯಿ ಉಪ್ಪಿನಕಾಯಿ ಭರಣಿ ಎಲ್ಲಿಟ್ಟೀ?”

“ಕಪಾಟದಾಗ, ಮ್ಯಾಲಿನ ಅರ್ಯಾಗ—”

ನನ್ನ ಬೆನ್ನ ಹಿಂದೆ ಆಕಾಶ ಬಿರಿದಂತೆ ಸದ್ದಾಯಿತು. ತಿರುಗಿದಾಗ ಚೆಂಡು ಅವರ ಬಲೆಯೊಳಗೆ ಸುಮ್ಮನೆ ಉರುಳುತ್ತಿತ್ತು. ಅವ್ವ ಎದ್ದು ನಿಂತು ತಾಟು ಬಡಿಯುತ್ತಿದ್ದಳು. ಹೀಗೆ, ನಮ್ಮ ತಂಡದ ಜನ್ಮಕ್ಕೊಂದು ಗೋಲನ್ನು ನಾನು ಉಪ್ಪಿನಕಾಯಿಗೆ ಕಳೆದುಕೊಂಡೆ. ಆದರೂ ಆ ಗೋಲನ್ನು ಈಗ ನನ್ನಷ್ಟು ಚೆನ್ನಾಗಿ ವರ್ಣಿಸುವವರು ಇಡೀ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಅವರ ಗೋಲ್‌ಕೀಪರ್ ಕಾಲು ಜಾರಿದ್ದನ್ನು ನಾನು ಅಭಿನಯಿಸಿ ತೋರಿಸುತ್ತೇನೆ.

ಆಮೇಲೆ ಅವರು ಕೆರಳಿದರು. ನಮ್ಮ ಗೋಲಿನ ಮುಂದೆ ಜಾತ್ರೆ ನೆರೆದಂತಾಯಿತು. ನಾನು ಒಂದು ಕಣ್ಣು ಮುಚ್ಚಿ ಒಂದು ಕಣ್ಣಲ್ಲಿ ನೋಡುತ್ತಿದ್ದೆ. ಆಟ ಮುಗಿಯಲು ಬಂದಾಗ ನಡುಮೈದಾನದಿಂದ ಚೆಂಡು ಉದ್ದಕ್ಕೆ ತೂರಿ ಬಂತು, ಅವರ ಎತ್ತರದ ಹುಡುಗ ಅದನ್ನು ಕಾಲಲ್ಲಿ ಹಿಡಿದು ಗೋಲಿನೊಳಗೆ ಹೊಡೆದ. ಸಮ! ಅವರ ಕಡೆಯವರು ಕುಣಿಯತೊಡಗಿದರು. ಆಗ ನಮ್ಮ ಕುರ್ಚಿಗಳ ಎದುರಿಗೇ, ಗೆರೆಯ ಮೇಲೆ, ಒಂದು ಬಾವುಟ ಎದ್ದು ನಿಂತದ್ದು ಕಂಡಿತು.

ಹಿಡಿದವಳು ಒಬ್ಬ ಹುಡುಗಿ. ಆ ಕಡೆಯವರು ತಮ್ಮ ಪಾಲಿಗೆ ಕೊಟ್ಟ ಲೈನ್ಸ್‌ಮನ್ ಅವಳು. ಅವರೂರಿನವಳು, ಅವರದೇ ಬಣ್ಣದ ಟೋಪಿ ಹಾಕಿದವಳು. ಅವರೆಲ್ಲ ಒಮ್ಮೆಲೇ ಅವಳ ಮೇಲೆ ಮುಗಿಬಿದ್ದು ಕೊಂಕಣಿಯಲ್ಲಿ ಬೈಯತೊಡಗಿದರು. ಒಬ್ಬ ದೊಡ್ಡ ಮನುಷ್ಯ ಅವಳ ಮುಖದ ಹತ್ತಿರ ಬೆರಳು ತಂದು ಆಡಿಸಿದ. ಹುಡುಗಿಯ ಕಣ್ಣು ತುಂಬಿದ್ದವು, ಬಾವುಟ ಮಾತ್ರ ನೆಟ್ಟಗಿತ್ತು.

ಪಕ್ಕದಲ್ಲಿ ದಡ್ ಎಂದು ಸದ್ದಾಯಿತು. ಅವ್ವ ತಾಟನ್ನು ಕುರ್ಚಿಯ ಕಬ್ಬಿಣಕ್ಕೆ ಬಡಿದು ಎದ್ದಿದ್ದಳು. ಹೊಸ ನಗ್ಗು ಬಿದ್ದದ್ದು ಆಗ. “ಏ, ಆಕೀಗೆ ಯಾಕ ಬೈತೀರಿ?” ಎಂದು ಗಡುಸು ದನಿಯಲ್ಲಿ ಕೂಗಿದಳು. “ಆಫ್‌ಸೈಡ್ ಐತಿ ಅದು! ನಾ ಇಲ್ಲೇ ಕುಂತೇನಿ, ಕಣ್ಣಾರೆ ನೋಡೇನಿ. ಚೆಂಡು ಬರೂಕ್ಕಿಂತ ಮೊದಲ ಆ ಉದ್ದನ್ನ ಹುಡುಗ ಬಳ್ಳೊಳ್ಳೀನ ದಾಟಿದ್ದ!”

ಬಳ್ಳೊಳ್ಳಿ ಯಾರು ಎಂದು ಅಲ್ಲಿ ನನ್ನ ಹೊರತು ಯಾರಿಗೂ ತಿಳಿಯಲಿಲ್ಲ. ಆದರೂ ಬೈಯುವವರು ಒಂದು ಕ್ಷಣ ಬಾಯಿ ಮುಚ್ಚಿದರು. ರೆಫರಿ ಬಾವುಟವನ್ನು ಒಪ್ಪಿದ. ಸ್ವಲ್ಪ ಹೊತ್ತಿಗೆ ಉದ್ದನೆಯ ಸೀಟಿ ಊದಿದ.

ಮುಂದಿನದನ್ನು ಹೇಗೆ ಹೇಳಲಿ? ಎಲ್ಲಿಂದಲೋ ಹಲಗೆ ಬಾರಿಸುವವರು ಬಂದರು. ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ನನ್ನನ್ನು ತಬ್ಬಿಕೊಂಡರು, ನಾನೂ ತಬ್ಬಿಕೊಂಡೆ. ಒಂದು ಕಾಲಿನ ಚಪ್ಪಲಿ ಹೋಯಿತು, ಹುಡುಕಲಿಲ್ಲ. ಫ್ರಾನ್ಸಿಸ್ ಗೋಲು ಕಂಬಕ್ಕೆ ಹಣೆಯೂರಿ ಮಗುವಿನಂತೆ ಅಳುತ್ತಿದ್ದ, ಹುಡುಗರು ಅವನನ್ನೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಐವತ್ತು ದಾಟಿದ ಮಾಸ್ತರಿಣಿ ಹಲಗೆಯ ಮುಂದೆ ಕುಣಿದದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದಾರೆ, ನಮ್ಮ ಶಾಲೆಯ ಮಕ್ಕಳ ಕೈಗೆ ಅದು ತಲುಪದಿರಲಿ. ಇಷ್ಟು ವರ್ಷ ಸೋತದ್ದಕ್ಕೂ ಸೇರಿಸಿ ಕುಣಿದೆ, ಅದರಲ್ಲಿ ನಾಚಿಕೆ ಏನು?

ಕುಣಿದು ಸುಸ್ತಾಗಿ ನೋಡಿದರೆ ಕುರ್ಚಿಯಲ್ಲಿ ಅವ್ವ ಇಲ್ಲ. ಗೆರೆಯ ತುದಿಯಲ್ಲಿ ಆ ಹುಡುಗಿ ಒಬ್ಬಳೇ ಕೂತು ಬಾವುಟ ಸುತ್ತುತ್ತಿದ್ದಳು. ಅವ್ವ ಅವಳ ಪಕ್ಕಕ್ಕೆ ಹೋಗಿ ನೆಲದ ಮೇಲೆ ಕೂತಿದ್ದಳು.

“ಊಟ ಮಾಡೀಯೇನವಾ?”

“ಬೇಡ ಅಜ್ಜೀ.”

“ಮಂದಿ ಬೈದ್ರಂತ ಅಳಬ್ಯಾಡ.”

“ಮಂದಿ ಬೈದ್ರೆ ಏನಿಲ್ಲ ಅಜ್ಜೀ. ನನ್ನ ಅಪ್ಪಾನೂ ಬಂದಿದಾರೆ. ಅವರು ಮಾತಾಡ್ತಿಲ್ಲ.”

ಅವ್ವ ಅವಳ ಬಲಗೈಯನ್ನು ಎತ್ತಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. “ಮಾತಾಡ್ತಾರ, ತಡಿ,” ಎಂದಳು. “ಮನೀ ಮಂದಿಗೆ ತಡಾ ಆಗ್ತೈತಿ. ಆದ್ರ ಮಾತಾಡ್ತಾರ.” ನಾನು ಹತ್ತಿರ ಹೋದವಳು ಅಲ್ಲೇ ನಿಂತೆ.

ಹಳಿಯಾಳದ ಬಸ್ಸಿನಲ್ಲಿ ಅವ್ವ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಇದ್ದಷ್ಟು ದನಿಯಲ್ಲಿ ಕೆಣಕಿದೆ: “ನಮ್ಮ ಕಡೆ ಬಂತು ಅಂದ್ರ ಆಫ್‌ಸೈಡ್ ಖರೆ ಆತೇನವ್ವ?” ಅವಳು ಸೆರಗಿನಿಂದ ತಾಟಿನ ಧೂಳು ಒರೆಸತೊಡಗಿದಳು. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಂದೇ ಮಾತು ಕೇಳಿದಳು: “ಮನ್ಯಾಗ ಕಡಲಿಬ್ಯಾಳಿ ಐತೇನು?”

ಎಷ್ಟು ಜನಕ್ಕೆ ಋಣಿ ನಾನು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅದಲು ಬದಲು ಕಾಲುಚೀಲದ ಹುಡುಗರಿಗೆ, ಮೊಣಕಾಲು ಸವೆಸಿದ ಫ್ರಾನ್ಸಿಸ್‌ಗೆ, ಕಾಲು ಜಾರಿದ ಆ ಪುಣ್ಯಾತ್ಮ ಗೋಲ್‌ಕೀಪರನಿಗೆ. ಹೆಸರು ಕೇಳಲೂ ಮರೆತ ಆ ಹುಡುಗಿಗಂತೂ ಎಷ್ಟು ಕೈ ಮುಗಿದರೂ ಸಾಲದು. ಅವಳ ಅಪ್ಪ ಅಂದೇ ಬಸ್ಸಿನಲ್ಲಿ ಮಗಳ ಜೊತೆ ಮಾತಾಡಿರಲಿ ಎಂದು ಬೇಡಿಕೊಳ್ಳುತ್ತೇನೆ. ಗೋಲು ನೋಡುವುದನ್ನು ತಪ್ಪಿಸಿದ ನಮ್ಮ ಮನೆಯವರಿಗೂ ಕೃತಜ್ಞಳೇ. ನಾನು ನೋಡಿದ್ದರೆ ಆ ಚೆಂಡು ಖಂಡಿತ ಹೊರಗೆ ಹೋಗುತ್ತಿತ್ತು.

ಸೋಮವಾರ ಬೆಳಿಗ್ಗೆ ಏಳುವಷ್ಟರಲ್ಲಿ ಮನೆಯ ತುಂಬ ಹೂರಣದ ವಾಸನೆ. ಅವ್ವ ಒಬ್ಬಳೇ ಬೇಳೆ ಬೇಯಿಸಿ, ಬೆಲ್ಲ ಹಾಕಿ, ರುಬ್ಬಿ, ಕಣಕ ನಾದಿಟ್ಟಿದ್ದಳು. ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೊದಲನೆಯದು ಲಟ್ಟಿಸುವಾಗ ಹರಿಯಿತು, ಅದನ್ನು ಮುದ್ದೆ ಮಾಡಿ ಬದಿಗಿಟ್ಟಳು. ಎರಡನೆಯದು ಹಂಚಿನ ಮೇಲೆ ಹೋಗಿ ಉಬ್ಬಿತು. ಅವಳ ಕೈ ಏನನ್ನೂ ಮರೆತಿರಲಿಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಏನು ಹಬ್ಬ ಎಂದು ಕೇಳಬೇಕೆಂದವರು ನನ್ನ ಮುಖ ನೋಡಿ ತುಪ್ಪದ ಡಬ್ಬಿ ತಂದಿಟ್ಟರು.

ಅವ್ವ ಆ ನಗ್ಗಿದ ತಾಟನ್ನು ತೊಳೆದು ಒರೆಸಿ, ಹೋಳಿಗೆಯನ್ನಿಟ್ಟು, ಮೇಲೆ ತುಪ್ಪ ಹಾಕಿದಳು. ತುಪ್ಪ ಒಂದೇ ಮಗ್ಗುಲಿಗೆ ಹರಿಯಿತು. ಸೆರಗಿನಿಂದ ಕೈ ಒರೆಸಿಕೊಂಡು ತಾಟನ್ನು ನಡುಮನೆಗೆ ತಂದು ಅಪ್ಪನ ಫೋಟೋದ ಮುಂದೆ ಎಡೆ ಇಟ್ಟಳು. ಅದು ಟಕ್ ಟಕ್ ಎಂದು ಅಲ್ಲಾಡಿ ನಿಲ್ಲುವವರೆಗೆ ಕಾದಳು.

“ಕಪ್ ಬಂತು. ತಗೋರಿ,” ಎಂದಳು.

ಕೈ ಮುಗಿದು ಹಿಂದೆ ಸರಿಯುತ್ತಾಳೆಂದುಕೊಂಡೆ. ಸರಿಯಲಿಲ್ಲ. ಫೋಟೋದ ಹತ್ತಿರಕ್ಕೆ ಇನ್ನಷ್ಟು ಬಾಗಿದಳು. ನಮಗೆ ಕೇಳಿಸಬಾರದೆಂದು ದನಿ ಇಳಿಸಿದಳು, ಆದರೆ ಕಿವಿ ಮಂದವಾದವರಿಗೆ ತಮ್ಮ ಪಿಸುಮಾತು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲವಲ್ಲ.

“ಕೇಳಸ್ತೇನ್ರೀ? ಅವತ್ತಿಂದು ಆಫ್‌ಸೈಡೇ ಇತ್ತು.”